ಸಿದ್ದಮ್ಮನ ಕಣ್ಣು

ಚಾಮರಾಜಪೇಟೆಯ ವೀರಭದ್ರಯ್ಯನವರು ಸರ್ವೇ ಇಲಾಖೆಯಲ್ಲಿ ನಕ್ಷೆ ಬರೆದು ನಿವೃತ್ತರಾದವರು. ಅರ್ಧ ಮೈಸೂರು ಸೀಮೆಯ ಕೆರೆ, ಬಾವಿ, ಗಡಿಕಲ್ಲು, ಹುಣಸೆಮರಗಳನ್ನೆಲ್ಲ ತಂದು ಕಾಗದದ ಮೇಲೆ ಕೂರಿಸಿದ ಕೈ ಅದು. ಆ ಕೈ ಎಳೆದ ಗೆರೆಯ ಮೇಲೆ ಅಣ್ಣತಮ್ಮಂದಿರು ಕೋರ್ಟಿಗೆ ಹೋದದ್ದುಂಟು. ಗೆರೆ ಸೊಟ್ಟಗಿದೆ ಎಂದು ಮಾತ್ರ ಯಾರೂ ಹೇಳಿದ್ದಿಲ್ಲ. ಹೀಗಿರುವಾಗ ಒಬ್ಬ ಹೆಂಗಸಿನ ಮುಖ ಬರೆಯುವುದು ಏನು ಮಹಾ ಕೆಲಸ ಎಂದು ಅವರಿಗೆ ತೋರಿದ್ದರಲ್ಲಿ ಆಶ್ಚರ್ಯವೇನಿಲ್ಲ. ಮುಂದೆ ಕಾಟನ್‌ಪೇಟೆಯ ಒಂದು ಮರ್ಯಾದಸ್ಥರ ಮನೆಯಲ್ಲಿ ನಡೆದದ್ದಕ್ಕೆಲ್ಲ ಈ ಒಂದು ಅಭಿಪ್ರಾಯವೇ ಮೂಲ.

ಆ ಹೆಂಗಸು ಬೇರೆ ಯಾರೂ ಅಲ್ಲ, ಅವರ ಹೆಂಡತಿ ಸಿದ್ದಮ್ಮ. ಹಿಂದಿನ ಶ್ರಾವಣದಲ್ಲಿ ಆಕೆ ಶಿವನ ಪಾದ ಸೇರಿದ್ದಳು. ವರ್ಷ ತುಂಬುವ ದಿನದ ಪೂಜೆಗೆ ಗೋಡೆಯ ಮೇಲೆ ಒಂದು ಒಳ್ಳೆಯ ಪಟ ಬೇಕಾಗಿತ್ತು. ಫೋಟೋಗಳಿಗೇನೂ ಕೊರತೆಯಿರಲಿಲ್ಲ. ಗೃಹಪ್ರವೇಶದಲ್ಲಿ, ಮಗಳ ಮದುವೆಯಲ್ಲಿ, ಮೊಮ್ಮಗುವಿನ ನಾಮಕರಣದಲ್ಲಿ, ಎಲ್ಲದರಲ್ಲೂ ಸಿದ್ದಮ್ಮ ಇದ್ದಳು. ಎಲ್ಲದರಲ್ಲೂ ಕಣ್ಣು ಮುಚ್ಚಿಕೊಂಡಿದ್ದಳು. ಕ್ಯಾಮೆರಾದ ಫ್ಲಾಶ್ ಎಂದರೆ ಆಕೆಗೆ ಸಿಡಿಲಿದ್ದ ಹಾಗೆ. ಫೋಟೋದವನು ‘ರೆಡಿ’ ಎಂದರೆ ಸಾಕು, ರೆಪ್ಪೆಗಳು ಬಾಗಿಲು ಹಾಕಿಕೊಳ್ಳುತ್ತಿದ್ದವು.

ಮನೆ ನೋಡಿಕೊಳ್ಳಲು ಬಂದಿದ್ದ ಅಕ್ಕ ಗುರುಬಸಮ್ಮ ಒಂದು ಉಪಾಯ ಹೇಳಿದರು. “ಸ್ಟುಡಿಯೋದೋನು ಕಣ್ಣು ತೆಗೆದು ಕೊಡ್ತಾನಂತೆ ಕಣೋ ಭದ್ರ.”

ಸ್ಟುಡಿಯೋದವನು ಕಣ್ಣು ತೆಗೆದೇ ಕೊಟ್ಟ. ಮುಚ್ಚಿದ ರೆಪ್ಪೆಗಳ ಮೇಲೆ ಕ್ಯಾಲೆಂಡರಿನ ಪಾರ್ವತಿಯ ಕಣ್ಣುಗಳನ್ನು ಬಣ್ಣದಲ್ಲಿ ಕೂರಿಸಿದ್ದ. ಸಿದ್ದಮ್ಮ ಈಗ ‘ಭಕ್ತಾ, ನಿನಗೇನು ವರ ಬೇಕು’ ಎಂದು ಕೇಳುವಂತೆ ಕಾಣುತ್ತಿದ್ದಳು. ಸಂಸಾರ ಮಾಡಿದಷ್ಟು ಕಾಲವೂ ಆಕೆ ಗಂಡನನ್ನು ಹಾಗೆ ಕೇಳಿದವಳೇ ಅಲ್ಲ. ವೀರಭದ್ರಯ್ಯನವರು ಪಟವನ್ನು ಗೋಡೆಗೆ ಮುಖ ಮಾಡಿ ಒರಗಿಸಿ, “ಇದಕ್ಕೆ ಇವರೆಲ್ಲ ಬೇಡ. ನಾನೇ ಬರೀತೀನಿ,” ಎಂದುಕೊಂಡರು.

ಹಣೆ ಬಂತು. ಮೂಗು ಬಂತು, ಮೂಗಿನ ನತ್ತೂ ಬಂತು. ಕಣ್ಣಿನ ಹತ್ತಿರ ಬಂದಾಗ ಪೆನ್ಸಿಲ್ ನಿಂತುಬಿಟ್ಟಿತು. ಅಷ್ಟು ವರ್ಷ ಎದುರಿಗಿದ್ದ ಕಣ್ಣು ಹೇಗಿತ್ತು ಎನ್ನುವುದು ನೆನಪಿಗೇ ಬರಲಿಲ್ಲ. ಯಾರೂ ನೋಡದಿದ್ದಾಗ ಅವರು ಒಮ್ಮೆ ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದರು. ಮತ್ತೆ ಪ್ರಯತ್ನಿಸಿದರು. ಬರಲಿಲ್ಲ.

ಬಸವನಗುಡಿಯ ಒಂದು ಹಳೆಯ ಮನೆಯ ಹಿತ್ತಲ ಷೆಡ್ಡಿನಲ್ಲಿ ಧನುಶ್ರೀ ಎಂಬ ಹುಡುಗಿ ಭಾನುವಾರ ಚಿತ್ರ ಹೇಳಿಕೊಡುತ್ತಿದ್ದಳು. ಎದುರಿಗೆ ಜೀವಂತ ಹೆಂಗಸನ್ನು ಕೂರಿಸಿ, ನೋಡಿ ಬರೆಯುವ ಪಾಠ. ವೀರಭದ್ರಯ್ಯನವರು ಹೊಸಿಲಲ್ಲೇ ನಿಂತು ಕೆಮ್ಮಿದರು.

“ಎದುರಿಗೆ ಕೂತ್ಕೊಳ್ಳೋರು... ಅಂದ್ರೆ... ಬಟ್ಟೆಬರೆ...”

“ಸೀರೆ ಉಟ್ಟಿರ್ತಾರೆ ಸರ್. ತಲೆ ಮೇಲೆ ಸೆರಗೂ ಇರತ್ತೆ. ಒಳಗೆ ಬನ್ನಿ.”

ಕೂತಿದ್ದವಳು ಕೃಷ್ಣರಾಜ ಮಾರುಕಟ್ಟೆಯಲ್ಲಿ ಹೂವು ಮಾರುವ ಮಾರಕ್ಕ. ವೀರಭದ್ರಯ್ಯನವರು ತಲೆ ಎತ್ತದೆ ಬರೆದರು. ಎಲ್ಲರಿಗಿಂತ ಮೊದಲು ಮುಗಿಸಿ, ಕೈಕಟ್ಟಿ ಕೂತರು. ಧನುಶ್ರೀ ಬಂದು ನೋಡಿದಳು. ಮಾರಕ್ಕನನ್ನು ಆಕಾಶದಿಂದ ನೋಡಿದಂತೆ ಬರೆಯಲಾಗಿತ್ತು. ಬೈತಲೆ ಕಾಲುದಾರಿಯಂತೆ ಹೋಗಿ ತುರುಬೆಂಬ ಕೆರೆಯನ್ನು ಸೇರುತ್ತಿತ್ತು. ಮೂಗು ಗುಡ್ಡವಾಗಿತ್ತು. ಮೂಲೆಯಲ್ಲಿ ಒಂದು ಬಾಣ.

“ಇದೇನು ಸರ್ ಬಾಣ?”

“ಉತ್ತರ ದಿಕ್ಕು. ಹಾಕ್ದೇ ಇದ್ರೆ ಮೇಲಧಿಕಾರಿಗಳು ವಾಪಸ್ ಕಳಿಸ್ತಾರೆ.”

ಮಾರಕ್ಕ ಎದ್ದು ಬಂದು ಕಾಗದ ನೋಡಿ, “ನಾನ್ ಎಲ್ಲಿದೀನಿ ಸ್ವಾಮಿ ಇದ್ರಾಗೆ? ದಾರಿ ತಪ್ಪೋಗ್ತೀನಿ,” ಎಂದಳು.

ಆಮೇಲೆ ವೀರಭದ್ರಯ್ಯನವರು ಶ್ರದ್ಧೆಯಿಂದ ಕಲಿತರು. ಪೆನ್ಸಿಲ್ ಆಯಿತು. ಇದ್ದಿಲುಕಡ್ಡಿ ಹಿಡಿದರು, ಬೆವರು ಒರೆಸಿಕೊಂಡಾಗಲೆಲ್ಲ ಹಣೆಯ ವಿಭೂತಿಯ ಪಟ್ಟೆಗಳ ನಡುವೆ ಕಪ್ಪು ಪಟ್ಟೆಗಳು ಮೂಡಿ, ಹಣೆ ರಸ್ತೆ ದಾಟುವ ಜೀಬ್ರಾ ಪಟ್ಟೆಯಂತಾಯಿತು. ನೀರುಬಣ್ಣದಲ್ಲಿ ಮಾರಕ್ಕನ ಗಲ್ಲ ಹರಿದು ಕುತ್ತಿಗೆ ದಾಟಿ ಪಕ್ಕದವರ ಕಾಗದಕ್ಕೆ ಹೋಯಿತು. ಬಣ್ಣದ ಬಳಪದಲ್ಲಿ ಮಾತ್ರ ಒಮ್ಮೆ ಧನುಶ್ರೀ “ಚೆನ್ನಾಗಿದೆ ಸರ್” ಎಂದಳು. ಅಕ್ಕನಿಗೆ ಅವರು ‘ವಚನದ ಪಾಠಕ್ಕೆ ಹೋಗ್ತೀನಿ’ ಎಂದು ಹೇಳಿಬಿಟ್ಟಿದ್ದರು. ಚಿತ್ರ ಪೂರ್ತಿಯಾಗುವವರೆಗೆ ಯಾರಿಗೂ ತಿಳಿಯಬಾರದು ಎಂಬ ಸಣ್ಣ ಜಂಬ. ತಮ್ಮ ವಚನ ಕಲಿತು ಮುಖಕ್ಕೆಲ್ಲ ಮಸಿ ಬಳಿದುಕೊಂಡು ಬರುವುದೇಕೆ ಎಂದು ಗುರುಬಸಮ್ಮ ಯೋಚಿಸಿ ಯೋಚಿಸಿ ಬಿಟ್ಟುಬಿಟ್ಟರು.

ಎಲ್ಲ ಬಂತು, ಕಣ್ಣು ಮಾತ್ರ ಬರಲಿಲ್ಲ. ಕಾರಣ, ಮಾರಕ್ಕ ಬೆಳಗಿನ ಜಾವಕ್ಕೇ ಎದ್ದು ಹೂವಿನ ವ್ಯಾಪಾರ ಮುಗಿಸಿ ಬಂದವಳು. ಕುರ್ಚಿಯಲ್ಲಿ ಕೂತ ಕೂಡಲೇ ನಿದ್ದೆ.

“ಸ್ವಲ್ಪ ಕಣ್ಣು ಬಿಡಮ್ಮ,” ಎಂದು ವೀರಭದ್ರಯ್ಯನವರು ಅಂಗಲಾಚಿದರು.

“ಅಲ್ಲಾಡ್ದಂಗೆ ಕೂತ್ಕೋ ಅಂದ್ರಿ, ಕೂತಿದೀನಿ. ಎಚ್ಚರ ಇರ್ಬೇಕು ಅಂತ ಯಾರ್ ಹೇಳಿದ್ರು?”

ವೀರಭದ್ರಯ್ಯನವರು ಧನುಶ್ರೀಯ ಕಡೆ ತಿರುಗಿ, “ನೋಡಮ್ಮ, ನನ್ನ ಪಾಲಿಗೆ ಬರೋರೆಲ್ಲ ಕಣ್ಣು ಮುಚ್ಚಿದೋರೇ,” ಎಂದರು. ಆ ಹುಡುಗಿಗೆ ಅವರ ಕಥೆ ಗೊತ್ತಿತ್ತು. ಪಾಪ ಅನ್ನಿಸಿತು. “ಹೊರಗಡೆ ಓಡಾಡಿ ನೋಡಿ ಸರ್. ಬಸ್ಸಲ್ಲಿ, ಅಂಗಡೀಲಿ, ಎಷ್ಟು ಥರ ಕಣ್ಣಿರತ್ತೆ! ಪುಸ್ತಕ ಕೈಯಲ್ಲಿರ್ಲಿ. ಪೆನ್ಸಿಲ್ ಮುಂದಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ ಅಳತೆ ತಗೊಳ್ಳಿ. ಗೊತ್ತಲ್ಲ?”

ಗೊತ್ತಿಲ್ಲದೆ ಏನು! ಸರ್ವೇಯವರಿಗೆ ಒಂದು ಕಣ್ಣು ಮುಚ್ಚಿ ದೂರ ಅಳೆಯುವುದು ಊಟ ಮಾಡಿದಷ್ಟೇ ಸಹಜ. ಮರುದಿನವೇ ವೀರಭದ್ರಯ್ಯನವರು ಕಾರ್ಯಾರಂಭ ಮಾಡಿದರು.

ಹಾಲಿನ ಬೂತಿನ ಕ್ಯೂನಲ್ಲಿ ನಿಂತ ಹೆಂಗಸರನ್ನು ನೋಡಿದರು. ಸೊಪ್ಪಿನವಳನ್ನು ನೋಡಿದರು. ಗುಡಿಯಲ್ಲಿ ಶಿವನ ಕಡೆ ಬೆನ್ನು ಮಾಡಿ ಭಕ್ತೆಯರನ್ನು ನೋಡಿದರು. ಮಾರುಕಟ್ಟೆಗೆ ಹೋಗುವ ಬಸ್ಸಿನಲ್ಲಿ ಹೆಂಗಸರ ಸೀಟಿಗೆ ಎದುರಾಗಿ ನಿಂತು, ಕೈ ಚಾಚಿ, ಹೆಬ್ಬೆರಳೆತ್ತಿ, ಒಂದು ಕಣ್ಣು ಮುಚ್ಚಿ, ತೆರೆದು, ಮತ್ತೆ ಮುಚ್ಚಿದರು. ಕಂಡಕ್ಟರು, “ಯಜಮಾನ್ರೇ, ಹಣೆ ಮೇಲೆ ಇಷ್ಟಗಲ ವಿಭೂತಿ ಇದೆ ಅಂತ ಸುಮ್ಮನಿದೀನಿ. ಮುಂದಿನ ಸ್ಟಾಪಲ್ಲಿ ಇಳ್ಕೊಂಬಿಡಿ,” ಎಂದ. ಇವರು ನಿಲ್ದಾಣ ಬಂದುದನ್ನು ತಿಳಿಸಿದನೆಂದು ಕೈಮುಗಿದು ಇಳಿದರು.

ಇದೆಲ್ಲ ದೇವಯ್ಯನ ಕಣ್ಣಿಗೆ ಬಿತ್ತು. ದೇವಯ್ಯ ಪಕ್ಕದ ಮನೆಯವನು, ನಿವೃತ್ತ ಮೇಷ್ಟ್ರು. ಬೀದಿಯ ವಿಷಯಗಳನ್ನು ಆಯಾ ಮನೆಯವರಿಗಿಂತ ಮೊದಲು ತಿಳಿದುಕೊಳ್ಳುವುದು ಅವನ ನಿವೃತ್ತಿಯ ನಂತರದ ಉದ್ಯೋಗ. ಅವನು ಗುರುಬಸಮ್ಮನವರ ಅಡುಗೆಮನೆ ಬಾಗಿಲಿಗೆ ಬಂದು, ದನಿ ತಗ್ಗಿಸಿ, ಇಡೀ ಬೀದಿಗೆ ಕೇಳುವಂತೆ ಹೇಳಿದ.

“ಅಕ್ಕೋರೆ, ತಪ್ಪು ತಿಳ್ಕೋಬೇಡಿ. ನಿಮ್ಮ ತಮ್ಮ ಹೆಣ್ಣು ಹುಡುಕ್ತಿದಾನೆ.”

“ಏನಂದೆ?”

“ಬಾಯಿಬಿಟ್ಟು ಹೇಳಕ್ಕೆ ನಾಚಿಕೆ ಅವನಿಗೆ. ಒಬ್ಬನೇ ಹುಡುಕ್ತಿದಾನೆ. ಮೊನ್ನೆ ಲಾಯರ್ ಹೆಂಡತಿಗೆ ಕಣ್ಣು ಹೊಡೆದ. ಆಯಮ್ಮ ಕೊತ್ತಂಬರಿ ಸೊಪ್ಪು ಅಲ್ಲೇ ಬಿಟ್ಟು ಓಡಿಹೋದ್ಲು. ನಾವೇ ಒಂದು ದಾರಿ ಮಾಡದೇ ಇದ್ರೆ ಪೊಲೀಸ್ನೋರು ಮಾಡ್ತಾರೆ.”

ಗುರುಬಸಮ್ಮ ಮೊದಲು ಅತ್ತರು. ‘ವರ್ಷ ತುಂಬೋವರೆಗಾದ್ರೂ ತಡೀಬಾರದಿತ್ತೇ’ ಎಂದರು. ಆಮೇಲೆ ಎದ್ದು ಒಲೆಯ ಮೇಲಿನ ಸಾರು ಇಳಿಸಲು ಹೋದಾಗ ಮಂಡಿ ಹಿಡಿದುಕೊಂಡಿತು. ಈ ಮಂಡಿಯೊಂದಿಗೆ ಇನ್ನೆಷ್ಟು ದಿನ ತಮ್ಮನಿಗೆ ಬೇಯಿಸಿ ಹಾಕುವುದು ಎಂಬ ವಿಚಾರ ಬಂತು. ಸಾರು ಇಳಿಸುವಷ್ಟರಲ್ಲಿ ಮನಸ್ಸು ಹಗುರವಾಗಿತ್ತು. ಸಂಜೆ ತಮ್ಮನನ್ನು ಎದುರಿಗೆ ಕೂರಿಸಿಕೊಂಡರು.

“ಭದ್ರ, ನಂಗೆ ಎಲ್ಲಾ ಗೊತ್ತಾಯ್ತು.”

ವೀರಭದ್ರಯ್ಯನವರ ಮುಖ ಕೆಂಪಾಯಿತು. “ದೇವಯ್ಯ ಹೇಳಿದ್ನಾ? ನಾನೇ ಹೇಳೋಣ ಅಂತಿದ್ದೆ ಅಕ್ಕ. ಎಲ್ಲಾ ಮುಗಿದ ಮೇಲೆ.”

“ಮುಗಿದ ಮೇಲೇನೋ! ಇಂಥದ್ದನ್ನ ಹಿರಿಯರಿಲ್ಲದೆ ಮಾಡ್ತಾರಾ? ಬೀದೀಲಿ ಬೇಡ, ಮರ್ಯಾದೆ ಹೋಗತ್ತೆ. ಕಾಟನ್‌ಪೇಟೆ ಆರಾಧ್ಯರ ತಂಗಿ ಸರ್ವಮಂಗಳಾ ಅಂತ. ಸ್ಕೂಲಲ್ಲಿ ಹೆಡ್‌ಮಿಸ್ಸು. ಸೋಮವಾರ ನಿನ್ನ ಎದುರಿಗೆ ಕೂರಿಸ್ತಾರೆ.”

ಅಕ್ಕ ಇಷ್ಟು ದೊಡ್ಡ ಮನಸ್ಸಿನವಳೆಂದು ವೀರಭದ್ರಯ್ಯನವರಿಗೆ ಗೊತ್ತಿರಲಿಲ್ಲ. “ಕಣ್ಣು ಹೇಗಿದೆ?”

“ಬಂದು ನೋಡು.”

“ಅಲ್ಲಾಡದೆ ಕೂರ್ತಾರಾ?”

“ಕೂರದೆ ಏನು? ಮನೆತನಸ್ಥರ ಹೆಣ್ಣು.”

“ಒಂದು ಗಂಟೆಯಾದ್ರೂ ಕೂರ್ಬೇಕಕ್ಕ.”

“ಒಂದು ಗಂಟೆನಾ! ನಿಮ್ಮ ಭಾವ ನನ್ನ ನೋಡಿದ್ದು ಒಂದು ಲೋಟ ಕಾಫಿ ಕುಡಿಯೋವಷ್ಟು ಹೊತ್ತು.”

“ಭಾವನವರಿಗೆ ಈ ವಿದ್ಯೆ ಗೊತ್ತಿರಲಿಲ್ಲ, ಬಿಡು. ಆ ಮನೇಲಿ ಬೇರೆ ಹೆಂಗಸರೂ ಇದಾರಾ? ಒಬ್ಬರಲ್ಲಿ ನಂಗೆ ಮುಗಿಯಲ್ಲ. ಮದುವೆ ಆಗಿದ್ರೂ ಪರವಾಗಿಲ್ಲ.”

ಗುರುಬಸಮ್ಮ ಕಂಬ ಹಿಡಿದುಕೊಂಡು “ಶಿವಶಿವಾ” ಎಂದರು. ದುಃಖದಲ್ಲಿ ತಮ್ಮನಿಗೆ ತಲೆ ಸ್ವಲ್ಪ ಅತ್ತಿತ್ತ ಆಗಿದೆ, ಆದಷ್ಟು ಬೇಗ ಒಂದು ತಾಳಿ ಕಟ್ಟಿಸಿದರೆ ಸರಿಹೋಗುತ್ತದೆ ಎಂದು ತೀರ್ಮಾನಿಸಿದರು.

ಸೋಮವಾರ ಆಟೋದಲ್ಲಿ ಮೂವರೂ ಹೊರಟರು. ದೇವಯ್ಯ ಮಾತುಕತೆಗೆ ಹಿರಿಯನಾಗಿ ಜರಿಪಂಚೆ ಉಟ್ಟು ಬಂದಿದ್ದ. ವೀರಭದ್ರಯ್ಯನವರ ಬಗಲಲ್ಲಿ ಬಟ್ಟೆ ಸುತ್ತಿದ ದೊಡ್ಡ ಹಲಗೆ, ಕೈಯಲ್ಲಿ ಚೀಲ. ಹಲಗೆಯ ಮೇಲೆ ಕಣ್ಣೊಂದನ್ನು ಬಿಟ್ಟು ಮಿಕ್ಕೆಲ್ಲ ತುಂಬಿದ ಸಿದ್ದಮ್ಮ ಇದ್ದಳು. ಚೀಲದಲ್ಲಿ ಸೀರೆ, ಹೂವು, ಹಣ್ಣು ಇರಬೇಕೆಂದು ದೇವಯ್ಯ ಊಹಿಸಿ, ಸ್ನೇಹಿತನ ಮುಂದಾಲೋಚನೆಯನ್ನು ಮನಸ್ಸಿನಲ್ಲೇ ಮೆಚ್ಚಿಕೊಂಡ.

ನಂಜುಂಡಾರಾಧ್ಯರದು ಊದುಬತ್ತಿಯ ಸಗಟು ವ್ಯಾಪಾರ. ಕೆಳಗೆ ಅಂಗಡಿ, ಮೇಲೆ ಮನೆ. ಇಡೀ ಮನೆಯೇ ಮಂಗಳಾರತಿಗೆ ಸಿದ್ಧವಾದಂತೆ ಘಮಘಮಿಸುತ್ತಿತ್ತು. ಜಮಖಾನ ಹಾಸಿತ್ತು. ಆರಾಧ್ಯರ ಹೆಂಡತಿ ಮತ್ತು ಮುದಿ ತಾಯಿ ಬಾಗಿಲ ಹಿಂದೆ ನಿಂತಿದ್ದರು. ಸರ್ವಮಂಗಳಾ ಉಪ್ಪಿಟ್ಟು ಕೇಸರಿಬಾತಿನ ತಟ್ಟೆಗಳನ್ನು ತಂದಿಟ್ಟು, ಗೈರುಹಾಜರಾದ ಮಕ್ಕಳ ತಂದೆಯನ್ನು ಕರೆಸಿಕೊಂಡವರಂತೆ ನೆಟ್ಟಗೆ ಕೂತರು. ಐವತ್ತರ ಹತ್ತಿರದ ವಯಸ್ಸು, ದಪ್ಪ ಕನ್ನಡಕ.

“ಏನಾದ್ರೂ ಕೇಳೋದಿದ್ರೆ ಕೇಳ್ಬಹುದು. ಸಂಕೋಚ ಬೇಡ,” ಎಂದರು ಆರಾಧ್ಯರು.

“ಉತ್ತರದ ಕಡೆ ಕಿಟಕಿ ಯಾವುದು?” ಎಂದು ವೀರಭದ್ರಯ್ಯನವರು ಕೇಳಿದರು.

ಆರಾಧ್ಯರು ಸಂತೋಷಪಟ್ಟರು. ಆ ದಿನಗಳಲ್ಲಿ ಊರಿಗೆಲ್ಲ ವಾಸ್ತುವಿನ ಹುಚ್ಚು. “ಇದೇ ನೋಡಿ. ಹೋದ ವರ್ಷ ಗೋಡೆ ಒಡೆಸಿ ಇಡಿಸಿದೀನಿ.”

“ಬಹಳ ಒಳ್ಳೇದಾಯ್ತು, ಬೆಳಕು ಸಮನಾಗಿ ಬೀಳತ್ತೆ. ಅಮ್ಮಾ, ಸ್ವಲ್ಪ ಆ ಕಡೆ ತಿರುಗಿ. ಗಲ್ಲ ಮೇಲಕ್ಕೆ. ಅಷ್ಟೊಂದು ಬೇಡ. ಕನ್ನಡಕ ತೆಗೀಬಹುದಾ?”

“ತೆಗೆದ್ರೆ ನೀವು ನಂಗೆ ಕಾಣಲ್ಲ,” ಎಂದರು ಸರ್ವಮಂಗಳಾ.

“ನಾನು ಕಾಣ್ಬೇಕಾದ್ದೇ ಇಲ್ಲ.”

“ಎಂಥಾ ವಿನಯ!” ಎಂದು ದೇವಯ್ಯ ಉಪ್ಪಿಟ್ಟಿನ ನಡುವೆ ಉದ್ಗರಿಸಿದ.

ಕನ್ನಡಕ ತೆಗೆದರು. ವೀರಭದ್ರಯ್ಯನವರು ಪಂಚೆ ಎತ್ತಿ ಕಟ್ಟಿ, ಚೀಲದಿಂದ ಇದ್ದಿಲು, ಬಳಪ, ಶಾಯಿ, ಕುಂಚಗಳನ್ನು ಒಂದೊಂದಾಗಿ ತೆಗೆದು ಜಮಖಾನದ ಮೇಲೆ ಜೋಡಿಸಿದರು. ದೇವಯ್ಯನ ಕೈಯಲ್ಲಿದ್ದ ಚಮಚ ನಿಂತಿತು. ವೀರಭದ್ರಯ್ಯನವರು ಪೆನ್ಸಿಲ್ ಹಿಡಿದ ಕೈಯನ್ನು ನೇರ ಚಾಚಿ, ಹೆಬ್ಬೆರಳೆತ್ತಿ, ಎಡಗಣ್ಣು ಮುಚ್ಚಿದರು. ತೆರೆದರು. ಮತ್ತೆ ಮುಚ್ಚಿದರು. ಕನ್ನಡಕವಿಲ್ಲದ ಸರ್ವಮಂಗಳಾರಿಗೆ ಏನೂ ತಿಳಿಯಲಿಲ್ಲ. ಆದರೆ ಆರಾಧ್ಯರ ದೃಷ್ಟಿ ಚೆನ್ನಾಗಿತ್ತು.

“ಏನ್ರೀ ಅದು?”

“ಅಳತೆ.”

“ಅಳತೆ!”

“ಇವರದು ಆಯ್ತು,” ಎಂದು ವೀರಭದ್ರಯ್ಯನವರು ನಿಟ್ಟುಸಿರಿಟ್ಟರು. “ಒಳ್ಳೆಯ ಕಣ್ಣೇ. ನಂಗೆ ಬೇಕಾದ್ದಲ್ಲ. ಬಾಗಿಲ ಹಿಂದೆ ಇರೋ ಅಮ್ಮನವರು ಬಂದು ಕೂತ್ಕೊಳ್ಳಲಿ.”

“ಅವಳು ನನ್ನ ಹೆಂಡತಿ ಕಣ್ರೀ!”

“ಇರ್ಲಿ ಬಿಡಿ, ಒಂದು ಗಂಟೆ ಅಷ್ಟೇ. ಆಮೇಲೆ ಅಜ್ಜಿಯವರು.”

“ನನ್ನ ಬಿಟ್ಬಿಡಪ್ಪ,” ಎಂದಿತು ಒಳಗಿನಿಂದ ಮುದಿದನಿ. “ನಂಗೆ ಆಗಲೇ ಒಂದ್ಸಲ ಆಗಿದೆ.”

ಆರಾಧ್ಯರು ಎದ್ದು ನಿಂತರು. ಅವರ ಮುಖ ಅಂಗಡಿಯಲ್ಲಿದ್ದ ಕುಂಕುಮದ ಡಬ್ಬಿಯ ಬಣ್ಣಕ್ಕೆ ತಿರುಗಿತ್ತು. “ಗುರುಬಸಮ್ಮನೋರೆ! ಎಂಥಾ ಮನುಷ್ಯನ್ನ ಕರ್ಕೊಂಡು ಬಂದಿದೀರಿ? ಮದುವೆಗೆ ಹೆಣ್ಣು ನೋಡಕ್ಕೆ ಬಂದು ಮನೇಲಿರೋ ಹೆಂಗಸರನ್ನೆಲ್ಲ ಸಾಲಾಗಿ ಕೂರಿಸ್ತಾನಲ್ರೀ! ಎದ್ದೇಳಿ, ಎಲ್ಲಾ ಎದ್ದೇಳಿ!”

ದೇವಯ್ಯ ಎದ್ದ, ತಟ್ಟೆ ಮಾತ್ರ ಬಿಡಲಿಲ್ಲ. ಗುರುಬಸಮ್ಮ ಏಳಲು ಹೋದರು, ಮಂಡಿ ಒಪ್ಪಲಿಲ್ಲ. ಆ ಗದ್ದಲದ ನಡುವೆ ವೀರಭದ್ರಯ್ಯನವರು ಇದ್ದಿಲುಕಡ್ಡಿ ಹಿಡಿದುಕೊಂಡು, ಆಗತಾನೆ ನಿದ್ದೆಯಿಂದ ಎದ್ದವರ ಹಾಗೆ ಎಲ್ಲರ ಮುಖ ನೋಡುತ್ತ ಕೇಳಿದರು.

“ಮದುವೆನಾ? ಯಾರಿಗೆ?”

ಕೆಳಗೆ ಅಂಗಡಿಯಲ್ಲಿ ಯಾರೋ ಊದುಬತ್ತಿಯ ಕಟ್ಟು ಕೇಳುತ್ತಿದ್ದುದು ಮೇಲಕ್ಕೆ ಕೇಳಿಸಿತು.

ಆಗ ಅಲ್ಲಿದ್ದ ಹೆಂಗಸರೆಲ್ಲ ಒಟ್ಟಿಗೆ ವೀರಭದ್ರಯ್ಯನವರ ಕಡೆ ನೋಡಿದರು. ಕನ್ನಡಕ ಹಾಕಿಕೊಂಡು ಸರ್ವಮಂಗಳಾ ನೋಡಿದರು. ಆರಾಧ್ಯರ ಹೆಂಡತಿ ಬಾಗಿಲ ಸಂದಿಯಿಂದ ನೋಡಿದರು. ಅಜ್ಜಿ ಸೊಸೆಯ ಭುಜದ ಮೇಲಿಂದ ಇಣುಕಿ ನೋಡಿದರು. ಅಕ್ಕ ಕೂತಲ್ಲಿಂದಲೇ ನೋಡಿದರು. ಸಿಟ್ಟು ಇತ್ತು, ಸಿಟ್ಟಿನ ಕೆಳಗೆ ಅಯ್ಯೋ ಪಾಪ ಎಂಬುದಿತ್ತು, ಅದರ ಕೆಳಗೆ ತಡೆದು ಹಿಡಿದ ನಗು. ಇಂಥ ಪ್ರಾಣಿಯನ್ನು ಶಿವ ನಮ್ಮ ಕಣ್ಣ ಮುಂದೆಯೇ ಯಾಕೆ ತಂದು ಬಿಟ್ಟನಪ್ಪಾ ಎಂಬ ನೋಟ.

ವೀರಭದ್ರಯ್ಯನವರು ಕೂತಲ್ಲೇ ನೆಗೆದರು.

“ಅದೇ! ಅದೇ ಕಣ್ಣು! ಯಾರೂ ಅಲ್ಲಾಡಬೇಡಿ!”

ಯಾರೂ ಅಲ್ಲಾಡಲಿಲ್ಲ. ಅಲ್ಲಾಡುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಅವರು ಹಲಗೆಯ ಬಟ್ಟೆ ಕಿತ್ತೆಸೆದು ಬರೆಯತೊಡಗಿದರು. ಎಷ್ಟೋ ತಿಂಗಳಿಂದ ಶಾಂತವಾಗಿ ಕೂತವರ ಮುಖದಲ್ಲಿ ಅವರು ಸಿದ್ದಮ್ಮನನ್ನು ಹುಡುಕಿದ್ದರು. ಸಿದ್ದಮ್ಮ ಗಂಡನ ಕಡೆ ಶಾಂತವಾಗಿ ನೋಡಿದ್ದೇ ಇಲ್ಲ ಎನ್ನುವುದು ಹೊಳೆದಿರಲಿಲ್ಲ. ಮದುವೆಯಾದ ಮೊದಲ ವಾರ ಅವರು ಮಾವನ ಮನೆಯಲ್ಲಿ ಬೇರೆಯವರ ಚಪ್ಪಲಿ ಹಾಕಿಕೊಂಡು ಬಂದಾಗ ಆಕೆ ನೋಡಿದ್ದು ಈ ನೋಟ. ಮಗಳ ಧಾರೆಯ ಹೊತ್ತಿನಲ್ಲಿ ಬೇರೆ ಛತ್ರಕ್ಕೆ ಹೋಗಿ ಕೂತಿದ್ದಾಗ ನೋಡಿದ್ದೂ ಇದೇ. ಆಕೆ ಆಸ್ಪತ್ರೆಯ ಮಂಚದ ಮೇಲಿದ್ದಾಗ ಅವರು ಪಥ್ಯದ ಗಂಜಿಗೆ ಬದಲು ತಮ್ಮ ಕ್ಷೌರದ ಸಾಮಾನಿನ ಡಬ್ಬ ತಂದು ಎದುರಿಗೆ ಹಿಡಿದಾಗ, ಏಳಲಾರದಿದ್ದರೂ, ನೋಡಿದ್ದು ಇದನ್ನೇ.

ಇದ್ದಿಲು ಕರಕರ ಸದ್ದು ಮಾಡಿತು. ಕಡ್ಡಿ ಮುರಿದಾಗ ಬೆರಳಿನಿಂದಲೇ ತಿದ್ದಿದರು. ಎದ್ದು ಹಲಗೆಯನ್ನು ಗೋಡೆಗೆ ಒರಗಿಸಿ ಪಕ್ಕಕ್ಕೆ ಸರಿದು ನಿಂತರು.

ಗುರುಬಸಮ್ಮ “ಅಯ್ಯೋ ಸಿದ್ದೀ” ಎಂದರು. ಸೆರಗು ಬಾಯಿಗೆ ಹೋಯಿತು. ಅಳುತ್ತಿದ್ದಾರೋ ನಗುತ್ತಿದ್ದಾರೋ ಅವರಿಗೇ ತಿಳಿಯಲಿಲ್ಲ.

ವಿಷಯವೆಲ್ಲ ಬಿಡಿಸಿ ಹೇಳಿದ್ದಾಯಿತು. ಆರಾಧ್ಯರು ಇನ್ನೂ ಹುಬ್ಬು ಗಂಟಿಕ್ಕಿಕೊಂಡೇ ಚಿತ್ರದ ಹತ್ತಿರ ಬಂದರು. “ಸರಿ, ಆಯಮ್ಮ ಯಾರನ್ನ ಬೈತಿರೋದು?”

“ನನ್ನನ್ನೇ,” ಎಂದರು ವೀರಭದ್ರಯ್ಯನವರು, ಪದಕ ಬಂದವರಂತೆ.

ಸರ್ವಮಂಗಳಾ ಮೊದಲ ಬಾರಿಗೆ ಗಟ್ಟಿಯಾಗಿ ನಕ್ಕರು. “ಅಣ್ಣಾ, ಈ ಮದುವೆ ಬೇಡ ಅಂತ ನಿಂಗೆ ಹೇಳಕ್ಕೆ ನಿನ್ನೆಯಿಂದ ಮಾತು ಜೋಡಿಸ್ಕೊಂಡಿದ್ದೆ. ಎಲ್ಲಾ ದಂಡ ಆಯ್ತು. ವೀರಭದ್ರಯ್ಯನೋರೆ, ನಮ್ಮ ಸ್ಕೂಲಲ್ಲಿ ಡ್ರಾಯಿಂಗ್ ಮೇಷ್ಟ್ರಿಲ್ಲ. ಬಂದು ಮಕ್ಕಳಿಗೆ ಹೇಳ್ಕೊಡಿ. ಆ ಕಣ್ಣು ಹೊಡೆಯೋದೊಂದು ಮನೇಲೇ ಬಿಟ್ಟು ಬನ್ನಿ.”

“ಉಪ್ಪಿಟ್ಟು ಆರಿಹೋಗಿದೆ, ಬಿಸಿ ಮಾಡಿ ತರ್ತೀನಿ ಇರಿ,” ಎಂದರು ಆರಾಧ್ಯರ ಹೆಂಡತಿ. ದೇವಯ್ಯನ ತಟ್ಟೆಗೆ ಆ ಅವಶ್ಯಕತೆ ಇರಲಿಲ್ಲ.

ಶ್ರಾವಣ ಬಂತು. ಪಟಕ್ಕೆ ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕಿದರು. ಜಂಗಮರು ಬಂದರು, ಪೂಜೆಯಾಯಿತು, ಪ್ರಸಾದವಾಯಿತು. ಬಂದ ನೆಂಟರೆಲ್ಲ ಪಟದ ಮುಂದೆ ಕೈಮುಗಿದು ನಿಂತು, ಒಂದು ಕ್ಷಣ ತಡೆದು, ತಾವೇನಾದರೂ ತಪ್ಪು ಮಾಡಿದೆವೋ ಎಂದು ಸೆರಗು, ಶಲ್ಯ, ಕ್ರಾಪು ಸರಿಮಾಡಿಕೊಂಡು ಮುಂದೆ ಹೋದರು. ಮಾರಕ್ಕ ಒಂದು ಮೊಳ ಮಲ್ಲಿಗೆ ಹೆಚ್ಚಾಗಿಯೇ ತಂದು ಪಟಕ್ಕೆ ಮುಡಿಸಿ, “ಈಯಮ್ಮ ಎದುರಿಗಿದ್ರೆ ನಾನ್ ನಿದ್ದೆ ಮಾಡಿರ್ತಿದ್ನಾ?” ಎಂದಳು.

ಎಲ್ಲರೂ ಹೋದ ಮೇಲೆ ಒಂದು ಮಳೆ ಬಂತು. ಹಿತ್ತಲಲ್ಲಿ ಒಣಹಾಕಿದ್ದ ಜಮಖಾನವನ್ನು ದೇವಯ್ಯನೂ ವೀರಭದ್ರಯ್ಯನವರೂ ಓಡಿಹೋಗಿ ಎತ್ತಿಕೊಂಡು ಬಂದರು. ವೀರಭದ್ರಯ್ಯನವರು ಕೆಸರುಗಾಲಲ್ಲಿ ನಡುಮನೆಗೆ ಒಂದು ಹೆಜ್ಜೆ ಇಟ್ಟವರು, ತಲೆ ಎತ್ತಿದರು. ಸಿದ್ದಮ್ಮ ನೋಡುತ್ತಿದ್ದಳು.

ಅವರು ಆ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡು, ಹೊಸಿಲಾಚೆಯ ಗೋಣಿತಾಟಿನ ಮೇಲೆ ಎರಡೂ ಕಾಲನ್ನು ಚೆನ್ನಾಗಿ ಒರೆಸಿಕೊಂಡು, ನಗುತ್ತ ಒಳಗೆ ಹೋದರು. ಹಿಂದೆಯೇ ಬರುತ್ತಿದ್ದ ದೇವಯ್ಯ ಒಮ್ಮೆ ಗೋಡೆಯ ಕಡೆ ನೋಡಿ, ತಾನೂ ಒರೆಸಿಕೊಂಡ.